ಅಲ್ ಖೋರ್‌ನ ಸಂಬಳದ ಕಾರ್ಡ್

ದೋಹಾದಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ ಅಲ್ ಖೋರ್ ಒಂದು ಕಾಲಕ್ಕೆ ಮೀನುಗಾರರ, ಮುತ್ತು ತೆಗೆಯುವವರ ಊರು. 2022ರ ವಿಶ್ವಕಪ್ ಫುಟ್ಬಾಲ್‌ನ ಮೊದಲ ಪಂದ್ಯ ನಡೆದ ಅಲ್ ಬೈತ್ ಕ್ರೀಡಾಂಗಣ ಇಲ್ಲಿದೆ; ರಾಸ್ ಲಫಾನ್‌ನ ಅನಿಲ ಸ್ಥಾವರಗಳೂ ಹತ್ತಿರದಲ್ಲೇ ಇವೆ. ಇಂಥ ಊರಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವವನನ್ನು ಬ್ಯಾಂಕು ತಾನಾಗಿ ಹುಡುಕಿಕೊಂಡು ಬರುವುದಿಲ್ಲ. ಖಾತೆ ತೆರೆಯುವ, ಕಾರ್ಡ್ ಕೊಡುವ, ಎಟಿಎಂ ನಡೆಸುವ ಖರ್ಚು ದೊಡ್ಡ ಖಾತೆಗೂ ಸಣ್ಣ ಖಾತೆಗೂ ಹೆಚ್ಚುಕಡಿಮೆ ಒಂದೇ. ಖಾತೆಯಲ್ಲಿ ಉಳಿಯುವ ಹಣದಲ್ಲಿ ಮಾತ್ರ ಅಜಗಜಾಂತರ.

ಕತಾರ್ ಇದಕ್ಕೆ ಮಾಲೀಕನ ಕಡೆಯಿಂದ ದಾರಿ ಹುಡುಕಿತು. 2015ರಲ್ಲಿ ಕಾರ್ಮಿಕ ಕಾನೂನು ತಿದ್ದಿ, ಸಂಬಳವನ್ನು ಬ್ಯಾಂಕಿನ ಮೂಲಕವೇ, ಗಡುವಿನಿಂದ ಏಳು ದಿನದೊಳಗೆ ಪಾವತಿಸಬೇಕೆಂದು ವಿಧಿಸಿತು. ಕಂಪನಿ ಪ್ರತಿ ತಿಂಗಳೂ ಬ್ಯಾಂಕಿಗೆ ಒಂದು ಕಡತ ಕಳಿಸುತ್ತದೆ. ಅದರಲ್ಲಿ ಪ್ರತಿ ಕಾರ್ಮಿಕನಿಗೂ ಒಂದು ಸಾಲು: ಗುರುತಿನ ಸಂಖ್ಯೆ, ಖಾತೆ, ದುಡಿದ ದಿನಗಳು, ಮೂಲ ವೇತನ, ಹೆಚ್ಚುವರಿ ಗಂಟೆಗಳು, ಕಡಿತ. ಆ ಸಾಲು ಸರ್ಕಾರಕ್ಕೂ ಕಾಣುತ್ತದೆ. ಸಂಬಳ ತಪ್ಪಿದರೆ, ಕಾರ್ಮಿಕ ದೂರು ಕೊಡುವ ಮೊದಲೇ ದಾಖಲೆ ಹೇಳಬೇಕು ಎಂಬುದು ಆಶಯ. 2021ರ ಮಾರ್ಚ್‌ನಿಂದ ಕನಿಷ್ಠ ಮೂಲ ವೇತನ 1,000 ರಿಯಾಲ್. ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಸೇರಿಸಬೇಕು. ಇದು ಪಾಲನೆಯಾಗುತ್ತಿದೆಯೇ ಎಂದು ನೋಡಲೂ ಅದೇ ಕಡತ ಬೇಕು.

ಆದರೆ ಕಾರ್ಮಿಕನ ಕಾರ್ಡನ್ನೂ ಪಿನ್ ಸಂಖ್ಯೆಯನ್ನೂ ಮಾಲೀಕನೇ ಇಟ್ಟುಕೊಂಡ ಪ್ರಕರಣಗಳು ವರದಿಯಾಗಿವೆ. ಹಾಗಾದಾಗ ದಾಖಲೆ ಶುದ್ಧವಾಗಿಯೇ ಇರುತ್ತದೆ, ಸಂಬಳ ಮಾತ್ರ ಕೈಗೆ ಸಿಗುವುದಿಲ್ಲ.

ಭಾರತ ಹಿಡಿದದ್ದು ಬೇರೆ ದಾರಿ: ಸಾಲದ ಕಡೆಯಿಂದ ಬ್ಯಾಂಕನ್ನೇ ಒತ್ತಾಯಿಸುವುದು. ದೇಶದ ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇ. 40ರಷ್ಟನ್ನು ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯಕ್ಕೆ ಕೊಡಬೇಕು. ಗುರಿ ಮುಟ್ಟದಿದ್ದರೆ ಕೊರತೆಯ ಹಣವನ್ನು ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯಂಥ ಕಡೆ ಕಡಿಮೆ ಬಡ್ಡಿಗೆ ಇಡಬೇಕಾಗುತ್ತದೆ. ಲಾಭ ಕಳೆದುಕೊಳ್ಳುವ ಈ ಭಯವೇ ಬ್ಯಾಂಕನ್ನು ಬಡವರ ಬಾಗಿಲಿಗೆ ನಡೆಸುತ್ತದೆ. ಅದಕ್ಕೂ ಮೊದಲು, 1928ರಲ್ಲೇ, ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಯೋಜನೆಯಲ್ಲಿ ಏಜೆಂಟರನ್ನು ಮನೆಮನೆಗೆ ಕಳಿಸಿ ದಿನಕ್ಕೆ ಎರಡಾಣೆಯನ್ನೂ ಠೇವಣಿಯಾಗಿ ಸಂಗ್ರಹಿಸುತ್ತಿತ್ತು. ಯಾವ ಕಾನೂನೂ ಅದನ್ನು ಕೇಳಿರಲಿಲ್ಲ. ಕರಾವಳಿಯವರು ಇದಕ್ಕೆ ಹೆಮ್ಮೆಪಡುವುದು ಸಹಜ.

ಅದೇ ಕರಾವಳಿಯಿಂದ ಕೊಲ್ಲಿಗೆ ಹೋದವನು ಎರಡೂ ವ್ಯವಸ್ಥೆಗಳ ನಡುವೆ ನಿಲ್ಲುತ್ತಾನೆ. ಅನಿವಾಸಿಯಾದ ಮೇಲೆ ಊರಿನ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸಬೇಕು. ಸಾಮಾನ್ಯ ಅನಿವಾಸಿ ಖಾತೆಗಳಿಗೆ ಬಹುಪಾಲು ಬ್ಯಾಂಕುಗಳು ಕನಿಷ್ಠ ಶಿಲ್ಕು ಕೇಳುತ್ತವೆ. ಹೆಂಡತಿಯ ಜನಧನ ಖಾತೆಗೆ ಅದು ಬೇಡ. ವೀಸಾ, ಏಜೆಂಟ್ ಎಂದು ಹೊರಡುವಾಗ ಮಾಡಿದ ಕೈಸಾಲಕ್ಕೆ ಬಡ್ಡಿ ಮಾತ್ರ ನಿಲ್ಲದೆ ಏರುತ್ತದೆ. ಆ ಸಾಲವನ್ನು ಬ್ಯಾಂಕು ಕೊಟ್ಟಿದ್ದರೆ, ಕತಾರ್‌ನ ಸಂಬಳದ ದಾಖಲೆಯನ್ನು ಊರಿನ ಶಾಖೆ ಸಾಲದ ಅರ್ಹತೆಗೆ ಪುರಾವೆಯಾಗಿ ಒಪ್ಪಿದ್ದರೆ, ಮೊದಲ ವರ್ಷಗಳ ದುಡಿಮೆ ಬಡ್ಡಿಗೆ ಹೋಗುತ್ತಿರಲಿಲ್ಲ. ನಮ್ಮ ಬ್ಯಾಂಕುಗಳು ಮುಂದೆ ಮಾಡಬೇಕಾದ ಕೆಲಸ ಇದು.

ಅಲ್ಲಿಯವರೆಗೆ, ಕೆಲಸಕ್ಕೆ ಹೊರಡುವವರು ಕಾರ್ಡನ್ನೂ ಪಿನ್ನನ್ನೂ ಯಾರಿಗೂ ಕೊಡಬೇಡಿ. ಪ್ರತಿ ತಿಂಗಳ ಸಂಬಳದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.