ಬೂಟು ಕಚ್ಚದಿರಬೇಕಾದರೆ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ. ಬೂಟು ಮಾತ್ರ ಎರಡಕ್ಕೂ ಸೇರಿದ ವಸ್ತು. ಅದರ ಹೊಳಪು ನೋಡುವವರಿಗೆ, ಕಚ್ಚುವುದು ಹಾಕಿಕೊಂಡವನಿಗೆ.

ಬಿ.ಕಾಂ. ಕೊನೆಯ ವರ್ಷ ಬಂತೆಂದರೆ ಸಂದರ್ಶನಗಳ ಕಾಲ. ಊರಿನ ಕನ್ನಡ ಶಾಲೆಗೆ ಹವಾಯಿ ಚಪ್ಪಲಿಯಲ್ಲೇ ಓಡಾಡಿದ ನಮ್ಮಂಥವರು ಮೊದಲ ಸಲ ಕಪ್ಪು ಚರ್ಮದ ಬೂಟು ಕೊಳ್ಳಲು ಹೊರಡುತ್ತೇವೆ. ಮನೆಯಿಂದ ಬಂದ ದುಡ್ಡಿಗೆ ಒಂದೇ ಜೊತೆ. ಅದು ಸರಿಹೋಗದಿದ್ದರೆ ದುಡ್ಡೂ ದಂಡ, ಸಂದರ್ಶನದ ದಿನ ಗಮನವೆಲ್ಲ ಹಿಮ್ಮಡಿಯ ಬೊಬ್ಬೆಯ ಮೇಲೆ.

ಮೊದಲು ನಂಬರಿನ ವಿಷಯ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಂಗ್ಲೆಂಡಿನ ನಂಬರು. ಒಂದರಿಂದ ಇನ್ನೊಂದಕ್ಕೆ ಅಂಗುಲದ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. 42, 43 ಎಂದಿದ್ದರೆ ಅದು ಯೂರೋಪಿನ ಲೆಕ್ಕ. ಅಲ್ಲಿನ 42 ಹೆಚ್ಚುಕಡಿಮೆ ಇಲ್ಲಿನ 8. ಆದರೆ ಈ ನಂಬರು ಹೇಳುವುದು ಉದ್ದವನ್ನು, ಅಗಲವನ್ನಲ್ಲ. ಬೂಟನ್ನು ಪಾದದ ಆಕಾರದ ಒಂದು ಅಚ್ಚಿನ ಮೇಲೆ ಹೊಲಿಯುತ್ತಾರೆ. ಕಂಪನಿಗೊಂದು ಅಚ್ಚು ಇರುವುದರಿಂದ ಒಬ್ಬರ 8 ಇನ್ನೊಬ್ಬರ 8ರಂತೆ ಇರುವುದಿಲ್ಲ.

ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದದ ಮುಂಭಾಗ ಸಾಮಾನ್ಯವಾಗಿ ಅಗಲ. ನಮ್ಮ ಚೆನ್ನೈ ಅಡ್ಯಾರಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಯೂರೋಪ್, ಅಮೆರಿಕದವರದಕ್ಕಿಂತ ಅಗಲವೆಂದು ಕಂಡುಬಂತು. ‘ಭ’ ಎಂಬ ಹೆಸರಿನ ನಮ್ಮದೇ ಅಳತೆ ಪದ್ಧತಿಯ ಸಲಹೆಯೂ ಅದರಿಂದಲೇ ಹುಟ್ಟಿತು.

ಅಗಲ ಸಾಲದೆ ಬಿಗಿಯಾದಾಗ ನಾವು ಮಾಡುವುದೇನು? ಒಂದು ನಂಬರು ದೊಡ್ಡದು ಕೊಡಿ ಅಂತೀವಿ. ಅಗಲದ ಜೊತೆ ಉದ್ದವೂ ಬೆಳೆಯುತ್ತದೆ. ಆಗ ಬೂಟು ಮಡಿಯುವ ಜಾಗಕ್ಕೂ ಬೆರಳು ಮಡಿಯುವ ಜಾಗಕ್ಕೂ ತಾಳೆಯಾಗುವುದಿಲ್ಲ, ಹಿಮ್ಮಡಿ ಜಾರುತ್ತದೆ, ಉಜ್ಜಿ ಬೊಬ್ಬೆ ಏಳುತ್ತದೆ. ಸರಿಯಾದ ದಾರಿ ನಂಬರು ಏರಿಸುವುದಲ್ಲ, ಮುಂಭಾಗ ಅಗಲವಿರುವ ಬೇರೆ ಮಾದರಿ ಕೇಳುವುದು.

ಕೊಳ್ಳಲು ಸಂಜೆ ಹೋಗಿ. ದಿನವಿಡೀ ನಡೆದು ನಿಂತು ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೂಟಿನೊಳಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಎರಡೂ ಕಾಲಿಗೆ ಹಾಕಿ, ಎದ್ದು ನಿಂತು ನೋಡಿ. ಬಹಳ ಜನರಿಗೆ ಒಂದು ಪಾದ ತುಸು ದೊಡ್ಡದು, ಅದಕ್ಕೇ ಅಳತೆ ಹೊಂದಿಸಬೇಕು. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಕೆಲವರಿಗೆ ಎರಡನೇ ಬೆರಳೇ ಉದ್ದ, ಮರೆಯಬೇಡಿ. ಹೆಬ್ಬೆರಳ ಬುಡದ ಗಂಟು ಬೂಟಿನ ಅತಿ ಅಗಲದ ಜಾಗಕ್ಕೆ ಬರಬೇಕು.

ಲೇಸನ್ನೂ ನೋಡಿ. ಆಕ್ಸ್‌ಫರ್ಡ್ ಮಾದರಿಯಲ್ಲಿ ಲೇಸು ಕಟ್ಟಿದಾಗ ಎರಡು ಪಟ್ಟಿಗಳ ನಡುವೆ ಚೂರೇ ಚೂರು ಸಂದು ಉಳಿಯಬೇಕು. ಬಾಯಿ ತೆರೆದ ಹಾಗಿದ್ದರೆ ಬಿಗಿ. ಪೂರ್ತಿ ಕೂಡಿದ್ದರೆ ಮುಂದೆ ಸಡಿಲಾದಾಗ ಬಿಗಿಯಲು ಜಾಗವೇ ಇಲ್ಲ. ಪಾದದ ಮೇಲ್ಭಾಗ ಎತ್ತರವಿದ್ದವರಿಗೆ ಪಟ್ಟಿಗಳು ಬಿಡಿಯಾಗಿ ತೆರೆಯುವ ಡರ್ಬಿ ಮಾದರಿ ಅನುಕೂಲ.

“ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್.” ಯಾವ ಭಾಷೆಯ ಅಂಗಡಿಯಲ್ಲೂ ಈ ಮಾತು ಇದ್ದೇ ಇದೆ. ಇದು ಅರ್ಧ ಸತ್ಯ. ನಿಜವಾದ ಚರ್ಮ ಅಗಲದಲ್ಲಿ ಕೊಂಚ ಬಿಟ್ಟುಕೊಡುತ್ತದೆ, ಉದ್ದದಲ್ಲಿ ಅಲ್ಲ. ರೆಕ್ಸಿನ್‌ ಥರದ್ದಂತೂ ಬಿಟ್ಟುಕೊಡುವುದೇ ಕಷ್ಟ. ಬೆರಳು ತುದಿಗೆ ತಾಗುತ್ತಿದ್ದರೆ ವಾಪಸ್ಸು ಕೊಟ್ಟುಬಿಡಿ.

ಆರು ಜೊತೆ ತೆಗೆಸಿ ಕೊಳ್ಳದೆ ಎದ್ದು ಬರಲು ನಮಗೆ ಸಂಕೋಚ. ಆ ಸಂಕೋಚಕ್ಕೇ ಎಷ್ಟೋ ಜನ ಕಚ್ಚುವ ಬೂಟು ಹೊತ್ತು ತರುತ್ತಾರೆ. ತೆಗೆದು ತೋರಿಸುವುದು ಅಂಗಡಿಯವರ ಕೆಲಸ, ನಡೆದು ನೋಡುವುದು ನಮ್ಮ ಹಕ್ಕು. ಇನ್ನೊಂದು ಮಾತು: ಸಂದರ್ಶನಕ್ಕೆ ಒಂದು ವಾರ ಮುಂಚೆಯೇ ಕೊಂಡು, ದಿನಕ್ಕೊಂದು ಗಂಟೆ ಹಾಸ್ಟೆಲಿನ ವರಾಂಡದಲ್ಲಿ ಹಾಕಿಕೊಂಡು ಓಡಾಡಿ.