ಪೊರಕೆಯ ಬದಲು ರೋಬೋ: ಯಾವ ಮನೆಗೆ ಯಾವುದು?

ಕಳೆದ ಸೆಮ್ ರಜೆಗೆ ಸ್ವಲ್ಪ ಮುಂಚೆ ನಮ್ಮ ಗೆಳೆಯನೊಬ್ಬನಿಗೆ ಇಂಟರ್ನ್‌ಶಿಪ್‌ನ ಮೊದಲ ಸ್ಟೈಪೆಂಡ್ ಬಂತು. ಪಾರ್ಟಿ ಯಾವಾಗ ಅಂತ ನಾವು ಪೀಡಿಸುತ್ತಿದ್ದರೆ ಅವನು ಫೋನಿನಲ್ಲಿ ಕಸ ಗುಡಿಸುವ ರೋಬೋಗಳನ್ನು ನೋಡುತ್ತಾ ಕೂತಿದ್ದ. ಸಾಗರದ ಹತ್ತಿರದ ಊರಲ್ಲಿ ಅವನ ಅಮ್ಮನಿಗೆ ಮಂಡಿನೋವು. ಬಗ್ಗಿ ಕೆಲಸ ಮಾಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ, ಅಮ್ಮ ಕೇಳುತ್ತಿಲ್ಲ. "ಇಪ್ಪತ್ತೈದು ಸಾವಿರದೊಳಗೆ ಒಂದು ಒಳ್ಳೇದು ಹೇಳ್ರೋ" ಅಂದ. ನಾಲ್ಕು ಜನ ಇಂಜಿನಿಯರಿಂಗ್ ಓದುವವರು ಸೇರಿ ಒಂದು ಪೊರಕೆ ಆರಿಸೋಕೆ ಆಗಲ್ವಾ ಅಂತ ಕೂತೆವು. ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಕಲಿತದ್ದು ಇಲ್ಲಿದೆ.

ಹುಟ್ಟಿದ್ದು ಹೇಗೆ?

ಅಂಗಡಿಗೆ ಬಂದ ಮೊದಲ ರೋಬೋ ಕ್ಲೀನರ್‌ಗಳಲ್ಲೊಂದು ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿಯ ಟ್ರೈಲೋಬೈಟ್, 2001ರಲ್ಲಿ. ಬಾವಲಿಯ ಹಾಗೆ ಶಬ್ದದ ಪ್ರತಿಧ್ವನಿಯಿಂದ ಅಡ್ಡ ಬಂದ ವಸ್ತುಗಳನ್ನು ಗುರುತಿಸುತ್ತಿತ್ತು. ಮರುವರ್ಷ ಅಮೆರಿಕದ ಐರೋಬೋಟ್ ಕಂಪನಿ 199 ಡಾಲರ್ ಬೆಲೆಗೆ ರೂಂಬಾ ತಂದಿತು. ಎಂಐಟಿಯಿಂದ ಬಂದ ಕಾಲಿನ್ ಆಂಗಲ್, ಹೆಲೆನ್ ಗ್ರೈನರ್, ರಾಡ್ನಿ ಬ್ರೂಕ್ಸ್ 1990ರಲ್ಲಿ ಕಟ್ಟಿದ ಕಂಪನಿ ಅದು. ರೂಂಬಾ ಹತ್ತಿರ ಮನೆಯ ನಕ್ಷೆ ಇರಲಿಲ್ಲ. ಗೋಡೆಗೆ ಡಿಕ್ಕಿ ಹೊಡಿ, ತಿರುಗು, ಮುಂದೆ ಹೋಗು, ಅಷ್ಟೇ. ಆದರೂ ಜನ ಕೊಂಡರು, ಯಾಕಂದ್ರೆ ಬೆಲೆ ಕೈಗೆಟುಕುತ್ತಿತ್ತು.

ಕಣ್ಣು ಯಾವುದು?

ರೋಬೋಗಳ ನಡುವಿನ ಅಸಲಿ ವ್ಯತ್ಯಾಸ ಇರೋದು ಮೋಟಾರಿನಲ್ಲಲ್ಲ, ದಾರಿ ಕಂಡುಕೊಳ್ಳುವ ವಿಧಾನದಲ್ಲಿ. ಅದರಲ್ಲಿ ನಾಲ್ಕು ಬಗೆ.

ಮೊದಲನೆಯದು ಡಿಕ್ಕಿ ಹೊಡೆದು ತಿರುಗುವ ಬಗೆ. ಇದರ ಲೆಕ್ಕ ನಾವೇ ಹಾಕಬಹುದು. ಯಂತ್ರ ಗೊತ್ತುಗುರಿಯಿಲ್ಲದೆ ಕೋಣೆಯ ವಿಸ್ತೀರ್ಣದಷ್ಟೇ ನೆಲ ಗುಡಿಸಿತು ಅಂದುಕೊಳ್ಳಿ. ಸರಳವಾದ ಸಂಭವನೀಯತೆಯ ಮಾದರಿಯಲ್ಲಿ ಸುಮಾರು 37% ಜಾಗವನ್ನು ಅದು ಮುಟ್ಟಿಯೇ ಇರುವುದಿಲ್ಲ. ಮೂರು ಪಟ್ಟು ಓಡಿದರೂ 5% ಬಾಕಿ. ಒಂದೇ ಕೋಣೆಗೆ ಪರವಾಗಿಲ್ಲ, ಇಡೀ ಮನೆಗೆ ಬ್ಯಾಟರಿ ಸಾಲಲ್ಲ.

ಎರಡನೆಯದು ಗೈರೋಸ್ಕೋಪ್ ಮತ್ತು ಚಕ್ರದ ಎನ್‌ಕೋಡರ್ ನಂಬುವ ಬಗೆ. ಸಾಲು ಹಿಡಿದು ಉಳುಮೆ ಮಾಡಿದ ಹಾಗೆ ಓಡುತ್ತದೆ, ನೋಡೋಕೆ ಚಂದ. ತೊಂದರೆ ಅಂದ್ರೆ ಸಣ್ಣ ತಪ್ಪುಗಳು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ದಿಕ್ಕಿನಲ್ಲಿ 1 ಡಿಗ್ರಿ ತಪ್ಪಿದರೆ 5 ಮೀಟರ್ ಸಾಗುವಷ್ಟರಲ್ಲಿ ಸುಮಾರು 9 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಚಾಪೆಯ ಮೇಲೆ ಚಕ್ರ ಜಾರಿದರೆ ಇನ್ನೂ ಹೆಚ್ಚು.

ಮೂರನೆಯದು ಕ್ಯಾಮೆರಾ. ಚಾವಣಿಯ ಅಂಚು, ಬಾಗಿಲ ಚೌಕಟ್ಟು, ಫೋಟೋ ಫ್ರೇಮುಗಳನ್ನು ಗುರುತು ಇಟ್ಟುಕೊಂಡು ನಕ್ಷೆ ಬಿಡಿಸುತ್ತದೆ. ರೂಂಬಾ ಸರಣಿಯಲ್ಲಿ ಇದು 2015ರ 980 ಮಾಡೆಲಿನಲ್ಲಿ ಬಂತು. ಇದಕ್ಕೆ ಬೆಳಕು ಬೇಕು. ಕತ್ತಲ ಕೋಣೆಯಲ್ಲಿ, ಮಂಚದ ಕೆಳಗೆ ತಡಕಾಡುತ್ತದೆ.

ನಾಲ್ಕನೆಯದು ಲೈಡಾರ್, ಅಂದರೆ ತಲೆಯ ಮೇಲೆ ತಿರುಗುವ ಲೇಸರ್ ಗೋಪುರ. 2010ರಲ್ಲಿ ಬಂದ ನೀಟೋ ಎಕ್ಸ್‌ವಿ-11 ಇದನ್ನು ಮನೆಬಳಕೆಗೆ ತಂದಿತು. ಅದರ ಲೇಸರ್ ಸೆಕೆಂಡಿಗೆ ಸುಮಾರು 5 ಸುತ್ತು ತಿರುಗಿ, ಪ್ರತಿ ಸುತ್ತಿಗೆ 360 ಕಡೆ ದೂರ ಅಳೆಯುತ್ತಿತ್ತು. ಕೆಲವು ಯಂತ್ರಗಳು ತ್ರಿಕೋನದ ಲೆಕ್ಕದಿಂದ ದೂರ ತಿಳಿಯುತ್ತವೆ, ಕೆಲವು ಬೆಳಕು ಹೋಗಿ ಬರುವ ಸಮಯ ಅಳೆಯುತ್ತವೆ. 3 ಮೀಟರ್ ದೂರದ ಗೋಡೆಯಾದರೆ ಆ ಸಮಯ ಬರೀ 20 ನ್ಯಾನೋಸೆಕೆಂಡ್! ಕತ್ತಲು ಇದಕ್ಕೆ ಲೆಕ್ಕಕ್ಕಿಲ್ಲ. ಗಾಜಿನ ಬಾಗಿಲು, ನೆಲಕ್ಕೆ ತಾಗಿದ ಕನ್ನಡಿ ಮಾತ್ರ ಮೋಸ ಮಾಡುತ್ತವೆ. ಗೋಪುರದಿಂದಾಗಿ ಯಂತ್ರದ ಎತ್ತರ 9–10 ಸೆಂ.ಮೀ. ಆಗುತ್ತದೆ, ಹಾಗಾಗಿ ಮನೆಯ ದಿವಾನದ ಕೆಳಗೆ ಸ್ಕೇಲ್ ಇಟ್ಟು ನೋಡಿಕೊಳ್ಳಿ.

ಕೊನೆಯ ಎರಡರಲ್ಲಿ ಕೆಲಸ ಮಾಡೋದು ಸ್ಲ್ಯಾಮ್ ಎಂಬ ವಿದ್ಯೆ. ನಾನೆಲ್ಲಿದ್ದೇನೆ ಅಂತ ತಿಳಿಯೋಕೆ ನಕ್ಷೆ ಬೇಕು, ನಕ್ಷೆ ಬಿಡಿಸೋಕೆ ನಾನೆಲ್ಲಿದ್ದೇನೆ ಅಂತ ತಿಳಿದಿರಬೇಕು. ಬೀಜ ಮೊದಲೋ ವೃಕ್ಷ ಮೊದಲೋ ಅನ್ನುವ ಹಾಗಿನ ಈ ಗಂಟನ್ನು ಎರಡನ್ನೂ ಒಟ್ಟಿಗೇ ಅಂದಾಜು ಮಾಡುತ್ತಾ, ತಿದ್ದುತ್ತಾ ಬಿಡಿಸಲಾಗುತ್ತದೆ. ಪ್ರಾಬಬಿಲಿಟಿ ಕ್ಲಾಸಿನಲ್ಲಿ ನಿದ್ದೆ ಹೊಡೆದವರು ಒಮ್ಮೆ ಯೋಚಿಸಿ.

ಪ್ಯಾಸ್ಕಲ್ ಮಾಯೆ

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ 4,000 ಪ್ಯಾಸ್ಕಲ್, 8,000 ಪ್ಯಾಸ್ಕಲ್ ಅಂತೆಲ್ಲ ಇರುತ್ತದೆ. ವಾತಾವರಣದ ಒತ್ತಡ 1,01,325 ಪ್ಯಾಸ್ಕಲ್. ಹಾಗಾದರೆ 4,000 ಅಂದರೆ ಅದರ 4% ಮಾತ್ರ. ಅದೂ ಗಾಳಿಯ ದಾರಿ ಪೂರ್ತಿ ಮುಚ್ಚಿದಾಗ ಸಿಗುವ ಗರಿಷ್ಠ ಒತ್ತಡ. ದಾರಿ ಮುಚ್ಚಿದ್ದರೆ ಕಸ ಬರೋದು ಎಲ್ಲಿಂದ? ಫ್ಯಾನಿನ ಗುಣವೇ ಹಾಗೆ: ಒತ್ತಡ ಗರಿಷ್ಠ ಇದ್ದಾಗ ಹರಿವು ಸೊನ್ನೆ, ಹರಿವು ಗರಿಷ್ಠ ಇದ್ದಾಗ ಒತ್ತಡ ಸೊನ್ನೆ. ಎರಡರ ಗುಣಲಬ್ಧವೇ ನಿಜವಾದ ಕೆಲಸ. ಡಬ್ಬದ ಮೇಲೆ ಹರಿವಿನ ಅಂಕಿ ಹುಡುಕಿ, ಬಹಳಷ್ಟು ಸಲ ಇರೋದೇ ಇಲ್ಲ.

ದೊಡ್ಡ ಪ್ಯಾಸ್ಕಲ್ ಬೇಕಾಗೋದು ದಪ್ಪ ಕಾರ್ಪೆಟ್ಟಿನ ಮನೆಗೆ. ನಮ್ಮ ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲಕ್ಕೆ ಬ್ರಷ್ ಚೆನ್ನಾಗಿದ್ದರೆ ಸಾಧಾರಣ ಎಳೆತವೇ ಸಾಕು. ರವೆ ಚೆಲ್ಲಿದಾಗ ಪಕ್ಕದ ಬ್ರಷ್ ಜೋರಾಗಿ ತಿರುಗಿ ಅದನ್ನು ಮೂಲೆಗೆ ಚಿಮ್ಮಿಸಿದರೆ ಯಾವ ಪ್ಯಾಸ್ಕಲ್ಲೂ ಕಾಪಾಡಲ್ಲ. ಉದ್ದ ಕೂದಲಿರುವ ಮನೆಯಲ್ಲಿ ಎಳೆಗಳ ಬ್ರಷ್‌ಗಿಂತ ರಬ್ಬರಿನ ರೋಲರ್ ವಾಸಿ. ಹೇಗೇ ಇದ್ದರೂ ವಾರಕ್ಕೊಮ್ಮೆ ಕತ್ತರಿ ಹಿಡಿದು ಕೂರಲೇಬೇಕು.

ಬ್ಯಾಟರಿ, ಬಿಲ್ಲು, ಒರೆಸೋದು

14.4 ವೋಲ್ಟ್, 5,200 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 75 ವ್ಯಾಟ್-ಅವರ್. ಚಾರ್ಜಿಂಗ್ ನಷ್ಟ ಸೇರಿಸಿದರೂ 0.1 ಯೂನಿಟ್ ಆಸುಪಾಸು. ಒಂದು ಸಲದ ಗುಡಿಸುವಿಕೆಗೆ ಒಂದು ರೂಪಾಯಿಯೂ ಆಗಲ್ಲ. ಹಾಗಾಗಿ ಖರ್ಚು ಕರೆಂಟಿನದ್ದಲ್ಲ. ಫಿಲ್ಟರ್, ಬ್ರಷ್, ಬಟ್ಟೆ, ಕೆಲವು ವರ್ಷಕ್ಕೆ ಹೊಸ ಬ್ಯಾಟರಿ, ಇವುಗಳದ್ದು. ಬಿಡಿಭಾಗ ಸುಲಭವಾಗಿ ಸಿಗುವ ಮಾಡೆಲ್ ಅಲ್ಲದಿದ್ದರೆ ಆಫರ್ ನೋಡಿ ಮರುಳಾಗಬೇಡಿ.

ಒರೆಸುವುದರಲ್ಲೂ ದರ್ಜೆಗಳಿವೆ. ಒದ್ದೆ ಬಟ್ಟೆ ಎಳೆದುಕೊಂಡು ಹೋಗೋದು ಅಗ್ಗದ್ದು, ಧೂಳಿನ ಪದರ ತೆಗೆಯುತ್ತದೆ ಅಷ್ಟೇ. ಒತ್ತಿ ತಿರುಗುವ ಎರಡು ಪ್ಯಾಡಿನದು ಕಲೆ ಬಿಡಿಸುತ್ತದೆ, ಬೆಲೆಯೂ ಹಾಗೇ ಏರುತ್ತದೆ. ಒಣಗಿದ ಸಾಂಬಾರಿನ ಕಲೆಗೆ ಕೈಯೇ ಗತಿ. ಟ್ಯಾಂಕಿಗೆ ಫಿನಾಯಿಲ್ ಹಾಕಬೇಡಿ, ಮ್ಯಾನ್ಯುಯಲ್ಲುಗಳು ಸಾಮಾನ್ಯವಾಗಿ ಅದನ್ನು ಬೇಡ ಅನ್ನುತ್ತವೆ.

ಮನೆಯನ್ನು ಯಾರು ನೋಡುತ್ತಿದ್ದಾರೆ?

ಕ್ಯಾಮೆರಾ ಇರುವ ಯಂತ್ರ ಕೊಳ್ಳುವ ಮುಂಚೆ ಎರಡು ಸಂಗತಿ ಗೊತ್ತಿರಲಿ. 2022ರ ಡಿಸೆಂಬರಿನಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಒಂದು ವರದಿ ಮಾಡಿತು. ರೂಂಬಾದ ಪರೀಕ್ಷಾ ಯಂತ್ರಗಳು ಮನೆಗಳಲ್ಲಿ ತೆಗೆದ ಚಿತ್ರಗಳು, ಟಾಯ್ಲೆಟ್ಟಿನಲ್ಲಿದ್ದ ಮಹಿಳೆಯದ್ದೂ ಸೇರಿ, ಆನ್‌ಲೈನಿನಲ್ಲಿ ಹರಿದಾಡಿದ್ದವು. ಎಐ ತರಬೇತಿಗಾಗಿ ಆ ಚಿತ್ರಗಳಿಗೆ ಲೇಬಲ್ ಹಾಕುತ್ತಿದ್ದ ಕೆಲಸಗಾರರ ಕೈಯಿಂದ ಅವು ಸೋರಿದ್ದವು. ಅವು ಅಂಗಡಿಯಲ್ಲಿ ಮಾರುವ ಯಂತ್ರಗಳಲ್ಲ, ಒಪ್ಪಂದ ಮಾಡಿಕೊಂಡವರಿಗೆ ಕೊಟ್ಟವು ಎಂದು ಕಂಪನಿ ಹೇಳಿತು. 2024ರಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಇಕೋವ್ಯಾಕ್ಸ್ ರೋಬೋಗಳಿಗೆ ಹ್ಯಾಕರ್‌ಗಳು ಹೊಕ್ಕು, ಅದರ ಸ್ಪೀಕರಿನಿಂದಲೇ ಮನೆಯವರಿಗೆ ಬೈದಿದ್ದೂ ಸುದ್ದಿಯಾಯಿತು.

ಇನ್ನೊಂದು: ಲೈಡಾರನ್ನು ಮನೆಗೆ ತಂದ ಅದೇ ನೀಟೋ ಕಂಪನಿ 2023ರಲ್ಲಿ ಬಾಗಿಲು ಹಾಕಿತು. ಯಂತ್ರ ಗಟ್ಟಿಯಿದ್ದರೂ ಅದರ ಬುದ್ಧಿ ಕಂಪನಿಯ ಸರ್ವರಿನಲ್ಲಿದ್ದರೆ, ಸರ್ವರ್ ನಿಂತ ದಿನ ಅರ್ಧ ಬುದ್ಧಿ ಹೋದಂತೆ. ಆಪ್ ಇಲ್ಲದೆ, ಮೈಮೇಲಿನ ಗುಂಡಿ ಒತ್ತಿದರೂ ಓಡುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಕೊನೆಗೆ ಏನಾಯ್ತು?

ಇಷ್ಟೆಲ್ಲ ಲೆಕ್ಕದ ಮೇಲೆ ಲೈಡಾರ್ ಇರುವ, ಕ್ಯಾಮೆರಾ ಇಲ್ಲದ ಮಾಡೆಲ್ ಅಂತ ತೀರ್ಮಾನವಾಯಿತು. ಕೊಳ್ಳುವ ಮುಂಚೆ ಒಂದು ಪ್ರಯೋಗ ಆಗಲಿ ಅಂತ ಸೀನಿಯರ್ ಒಬ್ಬರ ಹತ್ತಿರ ಅಂಥದ್ದೇ ಯಂತ್ರ ಎರವಲು ತೆಗೆದುಕೊಂಡು ರಜೆಯಲ್ಲಿ ನಾಲ್ವರೂ ಗೆಳೆಯನ ಊರಿಗೆ ಹೊರಟೆವು.

ಹಳೇ ಮನೆ. ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ, ಎಲ್ಲ ಕಡೆ ಹೊಸ್ತಿಲು. ಅಳೆದರೆ 6 ಸೆಂ.ಮೀ. ಇಂಥ ಯಂತ್ರಗಳು ಸಾಮಾನ್ಯವಾಗಿ ಹತ್ತೋದು 2 ಸೆಂ.ಮೀ. ಅಡುಗೆಮನೆಯ ಅಂಚಿಗೆ ಕಪ್ಪು ಕಲ್ಲು ಹಾಸಿತ್ತು. ಮೆಟ್ಟಿಲಿಂದ ಬೀಳದಿರಲಿ ಅಂತ ಯಂತ್ರದ ಅಡಿಯಲ್ಲಿ ಇನ್‌ಫ್ರಾರೆಡ್ ಸೆನ್ಸರ್ ಇರುತ್ತದೆ. ಕಪ್ಪು ನೆಲ ಆ ಬೆಳಕನ್ನು ಹೀರಿಕೊಂಡರೆ, ಮುಂದೆ ಹಳ್ಳ ಇದೆ ಅಂದುಕೊಂಡು ಹಿಂದೆ ಸರಿಯುತ್ತದೆ. ನಮ್ಮದೂ ಹಾಗೇ ಸರಿಯಿತು. ನಡುಮನೆಯನ್ನು ಮಾತ್ರ ಅಚ್ಚುಕಟ್ಟಾಗಿ ಗುಡಿಸಿತು, ಅದನ್ನು ಒಪ್ಪಲೇಬೇಕು.

ಅಮ್ಮ ಕಂಬಕ್ಕೊರಗಿ ಎಲ್ಲ ನೋಡುತ್ತಿದ್ದರು. ಆಮೇಲೆ ನಿಧಾನಕ್ಕೆ ಕೇಳಿದರು: "ಅಲ್ವೋ, ಇದನ್ನ ಹೊಸ್ತಿಲು ದಾಟಿಸೋಕೆ ನಾನೇ ಬಗ್ಗಿ ಎತ್ತಬೇಕಲ್ಲ?"

ನಮ್ಮ ನಾಲ್ವರ ಎರಡು ವಾರದ ಟೇಬಲ್ಲಿನಲ್ಲಿ ಹದಿನಾಲ್ಕು ಕಾಲಂ ಇದ್ದವು. ಹೊಸ್ತಿಲಿನ ಕಾಲಂ ಇರಲಿಲ್ಲ. ಯಾರು ಎತ್ತುತ್ತಾರೆ ಅನ್ನುವ ಕಾಲಂ ಕೂಡ ಇರಲಿಲ್ಲ.

ಗೆಳೆಯ ರೋಬೋ ಕೊಳ್ಳಲಿಲ್ಲ. ನಿಂತೇ ಗುಡಿಸುವಂಥ ಉದ್ದ ಹಿಡಿಯ ಪೊರಕೆ, ನಿಂತೇ ಒರೆಸಿ ಹಿಂಡುವ ಮಾಪ್ ಕೊಡಿಸಿದ. ಉಳಿದ ದುಡ್ಡಿನಲ್ಲಿ ಅಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮಂಡಿ ತೋರಿಸಿದ. ಅದೇ ಟೇಬಲ್ ನೋಡಿ ನಮ್ಮಲ್ಲಿ ಇನ್ನೊಬ್ಬ ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಅಜ್ಜ-ಅಜ್ಜಿಗೆ ಲೈಡಾರ್ ಯಂತ್ರ ಕೊಡಿಸಿದ. ಹೊಸ್ತಿಲಿಲ್ಲ, ತಿಳಿ ಬಣ್ಣದ ಟೈಲ್ಸ್, ಆರು ತಿಂಗಳಿಂದ ಚೆನ್ನಾಗಿ ಓಡುತ್ತಿದೆ. ಅಜ್ಜಿ ಅದಕ್ಕೊಂದು ಹೆಸರೂ ಇಟ್ಟಿದ್ದಾರೆ.

ನೀವೂ ಕೊಳ್ಳುವವರಿದ್ದರೆ ಮೊದಲು ಸೈಟ್ ತೆರೆಯಬೇಡಿ. ಒಂದು ಸ್ಕೇಲ್ ತಗೊಂಡು ಮನೆಯಲ್ಲಿ ಒಂದು ಸುತ್ತು ಹಾಕಿ: ಹೊಸ್ತಿಲ ಎತ್ತರ, ಮಂಚದ ಕೆಳಗಿನ ಜಾಗ, ನೆಲದ ಬಣ್ಣ. ಆಮೇಲೆ ಅದನ್ನು ದಿನಾ ಬಳಸುವವರ ಹತ್ತಿರ ಕೂತು ಮಾತಾಡಿ. ಪ್ಯಾಸ್ಕಲ್ ಆಮೇಲೆ ನೋಡೋಣ.