24 ಚುಕ್ಕಿಗಳ ಎತ್ತರದಲ್ಲಿ ‘ಉಕ್ಕಡಗಾತ್ರಿ’

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ ತುಂಗಭದ್ರೆಯ ದಡದಲ್ಲಿರುವ ಯಾತ್ರಾಸ್ಥಳ. ಅಮಾವಾಸ್ಯೆಯಂದು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಭಕ್ತರು ಕಿಕ್ಕಿರಿದು ಸೇರುತ್ತಾರೆ. ಈ ಊರಿನ ಹೆಸರನ್ನು ಪುಟ್ಟ ಲೇಬಲ್ ಪ್ರಿಂಟರ್‌ನಲ್ಲಿ ಕನ್ನಡದಲ್ಲಿ ಮುದ್ರಿಸುವುದು ಮಾತ್ರ ಅಷ್ಟು ಸುಲಭವಲ್ಲ. ಇಂತಹ ಅನೇಕ ಯಂತ್ರಗಳಿಗೆ ಕನ್ನಡ ಲಿಪಿಯ ಪರಿಚಯವೇ ಇಲ್ಲ. ಬೇಕಾದ ಅಕ್ಷರಗಳನ್ನು ಚುಕ್ಕಿಗಳಲ್ಲಿ ಬಿಡಿಸಿ ಯಂತ್ರಕ್ಕೆ ತುಂಬಬೇಕು.

ಚುಕ್ಕಿಗಳಲ್ಲಿ ಬಿಡಿಸಿದ ಇಂತಹ ಅಕ್ಷರಕ್ಕೆ ‘ಬಿಟ್‌ಮ್ಯಾಪ್’ ಎನ್ನುತ್ತಾರೆ. ಲೆಕ್ಕ ಚುಕ್ಕಿ ರಂಗೋಲಿಯದೇ. ಸಾಮಾನ್ಯ ಥರ್ಮಲ್ ಪ್ರಿಂಟರ್ ಮಿಲಿಮೀಟರಿಗೆ 8 ಚುಕ್ಕಿ ಹಾಕುತ್ತದೆ. ‘ಇಎಸ್‌ಸಿ/ಪಿಓಎಸ್’ ಆದೇಶಗಳನ್ನು ಪಾಲಿಸುವ ಯಂತ್ರಗಳಲ್ಲಿ ಒಂದು ಅಕ್ಷರದ ಮನೆ ಸಾಮಾನ್ಯವಾಗಿ 12 ಚುಕ್ಕಿ ಅಗಲ, 24 ಚುಕ್ಕಿ ಎತ್ತರ, ಅಂದರೆ 3 ಮಿಲಿಮೀಟರ್. ಕಪ್ಪು ಚುಕ್ಕಿಗೆ 1, ಖಾಲಿ ಜಾಗಕ್ಕೆ 0. ಮೇಲಿನಿಂದ ಕೆಳಕ್ಕೆ 8 ಚುಕ್ಕಿ ಸೇರಿದರೆ ಒಂದು ಬೈಟ್. ಇಡೀ ಮನೆಗೆ 36 ಬೈಟ್.

ಇಂಗ್ಲಿಷಿಗೆ ಇಷ್ಟು ಧಾರಾಳ. ಕನ್ನಡಕ್ಕೆ ಇಕ್ಕಟ್ಟು. ‘ಕ್ಕ’ದ ಒತ್ತು ಕೆಳಗಿಳಿಯುತ್ತದೆ, ‘ತ್ರಿ’ಯಲ್ಲಿ ಗುಡಿಸು ಮೇಲೆ, ರಕಾರದ ಒತ್ತು ಕೆಳಗೆ. ಆದ್ದರಿಂದ 24ರಲ್ಲಿ ಸುಮಾರು 16 ಚುಕ್ಕಿಗಳನ್ನು ಮೂಲಾಕ್ಷರಕ್ಕೆ ಕೊಟ್ಟು, ಕೆಳಗಿನ 8ನ್ನು ಒತ್ತಿಗೆ ಮೀಸಲಿಡುವುದು ಲೇಸು. ಒತ್ತಿಲ್ಲದ ‘ಡ’, ‘ಗಾ’ಗಳಲ್ಲೂ ಆ ಜಾಗ ಖಾಲಿಯೇ ಇರಬೇಕು. ಖಾಲಿಯಿದೆಯೆಂದು ಅಕ್ಷರವನ್ನು ಹಿಗ್ಗಿಸಿದರೆ ಸಾಲು ಏರುಪೇರಾಗುತ್ತದೆ. ಅಗಲವೂ ಸಾಲದು, ಒಂದು ಅಕ್ಷರವನ್ನು ಅಕ್ಕಪಕ್ಕದ ಎರಡು ಮನೆಗಳಿಗೆ ಹಂಚಬೇಕಾಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸೀಳು. ಶಾಖ ಹೆಚ್ಚಾದರೆ ಚುಕ್ಕಿಗಳು ಹರಡುತ್ತವೆ. ‘ಭ’ದ ಕೆಳಗೆ ಒಂದೇ ಚುಕ್ಕಿಯಷ್ಟು ಸೀಳು ಬಿಟ್ಟಿದ್ದರೆ ಅದು ಮುಚ್ಚಿ ‘ಭಕ್ತ’ ‘ಬಕ್ತ’ನಾಗುತ್ತಾನೆ! ಎರಡು ಚುಕ್ಕಿ ಬಿಡುವುದು ಕ್ಷೇಮ.

ಮೇಲೆ ಹೇಳಿದ ಯಂತ್ರಗಳಲ್ಲಿ ಸ್ವಂತ ಅಕ್ಷರಗಳಿಗೆ ಸಿಗುವ ಸ್ಥಾನಗಳು ಹೆಚ್ಚೆಂದರೆ 95. ಕನ್ನಡದ 34 ವ್ಯಂಜನಗಳ ಕಾಗುಣಿತವೇ ಇದನ್ನು ಮೀರುತ್ತದೆ. ಒತ್ತಕ್ಷರಗಳ ಮಾತು ಬೇರೆ. ಒತ್ತನ್ನು ಬಿಡಿಯಾಗಿ ಬಿಡಿಸಿಟ್ಟುಕೊಂಡರೆ ಉಳಿತಾಯವುಂಟು: ಉಕ್ಕಡಗಾತ್ರಿಯ ಕಕಾರದ ಒತ್ತು ದಾವಣಗೆರೆಯ ಮಂಡಕ್ಕಿಗೂ ಒದಗುತ್ತದೆ.

ಈ ಶ್ರಮ ಬೇಡವೆಂದು ಇಂಗ್ಲಿಷಿನಲ್ಲೇ ಮುಗಿಸಲು ವ್ಯಾಪಾರಿಗೆ ಅಡ್ಡಿಯೂ ಕಡಿಮೆ. 2011ರ ಕೇಂದ್ರದ ಪೊಟ್ಟಣ ಸರಕು ನಿಯಮಗಳು ಕಡ್ಡಾಯ ವಿವರಗಳನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕೇಳುತ್ತವೆ. ಕನ್ನಡವನ್ನು ಜೊತೆಗೆ ಸೇರಿಸಬಹುದು, ಅಷ್ಟೆ.

ಪದೇ ಪದೇ ಬರುವ ಹೆಸರಾದರೆ ಇಡೀ ಪದವನ್ನೇ ಒಂದು ಚಿತ್ರವಾಗಿ ಕಳುಹಿಸುವುದು ಸುಲಭ. ಅಕ್ಷರಕ್ಕೆ 24 ಚುಕ್ಕಿ ಅಗಲವೆಂದರೆ ‘ಉಕ್ಕಡಗಾತ್ರಿ’ಯ ಐದು ಅಕ್ಷರಗಳಿಗೆ 120 ಚುಕ್ಕಿ: ಲೇಬಲ್ ಮೇಲೆ 15 ಮಿಲಿಮೀಟರ್, ಸ್ಮೃತಿಯಲ್ಲಿ 360 ಬೈಟ್.